ಜೇಬುಚಾಕುವಿನ ಹರಿತ: ಉಕ್ಕು ಆರಿಸುವುದರಿಂದ ಸಾಣೆ ಹಿಡಿಯುವವರೆಗೆ

ಮಡಚುವ ಚಾಕು ಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ: "ಯಾವ ಸ್ಟೀಲ್ ಜಾಸ್ತಿ ಹರಿತ?" ನಿಜ ಹೇಳಬೇಕೆಂದರೆ, ಕೈ ಪಳಗಿದವರು ಅಗ್ಗದ ಚಾಕುವನ್ನೂ ದುಬಾರಿ ಚಾಕುವನ್ನೂ ಕೈಮೇಲಿನ ರೋಮ ಬೋಳಿಸುವಷ್ಟು ಹರಿತ ಮಾಡಬಲ್ಲರು. ಉಕ್ಕಿನ ಕೆಲಸ ಶುರುವಾಗುವುದು ಆಮೇಲೆ. ಅಂಚನ್ನು ಎಷ್ಟು ತೆಳ್ಳಗೆ ಮಾಡಿದರೆ ತಾಳುತ್ತದೆ, ಆ ಹರಿತ ಎಷ್ಟು ದಿನ ಉಳಿಯುತ್ತದೆ, ಮೊಂಡಾದ ಮೇಲೆ ಮತ್ತೆ ತರಲು ಎಷ್ಟು ಒದ್ದಾಡಬೇಕು, ಈ ಮೂರನ್ನು ಉಕ್ಕು ನಿರ್ಧರಿಸುತ್ತದೆ. ಹಾಗಾಗಿ ಕೆಲಸ ಮೊದಲು, ಉಕ್ಕು ಆಮೇಲೆ, ಸಾಣೆಯ ಕೋನ ಕೊನೆಗೆ. ಈ ಬರಹ ಅದೇ ದಾರಿಯಲ್ಲಿ ಸಾಗುತ್ತದೆ. ಕೈಯಲ್ಲಿ ಈಗಾಗಲೇ ಒಂದು ಚಾಕು ಇದ್ದರೆ ಪಕ್ಕದಲ್ಲಿಟ್ಟುಕೊಂಡು ಓದಿ.

ಹಂತ 1: ಹರಿತವನ್ನು ಕಣ್ಣಿನಿಂದ ನೋಡಲು ಕಲಿಯಿರಿ

ಅಲಗಿನ ಎರಡು ಇಳಿಜಾರು ಮೈಗಳು ಕೆಳಗೆ ಒಂದು ಗೆರೆಯಲ್ಲಿ ಸೇರುತ್ತವೆ. ಆ ಗೆರೆ ಎಷ್ಟು ಸಣ್ಣಗಿದೆಯೋ ಅಷ್ಟು ಹರಿತ. ಕ್ಷೌರದ ಬ್ಲೇಡಿನಲ್ಲಿ ಅದರ ಅಗಲ ಒಂದು ಮೈಕ್ರಾನಿನ ಹತ್ತರಲ್ಲಿ ಒಂದು ಭಾಗದ ಆಸುಪಾಸು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪವೇ 50ರಿಂದ 100 ಮೈಕ್ರಾನ್ ಇರುತ್ತದೆ. ಮನೆಯಲ್ಲಿ ಚೆನ್ನಾಗಿ ಸಾಣೆ ಹಿಡಿದ ಜೇಬುಚಾಕುವಿನ ಅಂಚು ಒಂದು ಮೈಕ್ರಾನಿಗಿಂತ ಕಡಿಮೆ ಇರುತ್ತದೆ.

ಒಂದು ಬಲ್ಬಿನ ಕೆಳಗೆ ಚಾಕುವಿನ ಬಾಯಿಯನ್ನು ಮೇಲೆ ಮಾಡಿ ಹಿಡಿಯಿರಿ. ಹಿಡಿಯಿಂದ ತುದಿಯವರೆಗೆ ಮೆಲ್ಲಗೆ ಓರೆ ಮಾಡುತ್ತಾ ನೋಡಿ. ಎಲ್ಲಿ ಬೆಳ್ಳಗೆ ಮಿಂಚುತ್ತದೋ ಅಲ್ಲಿ ಬೆಳಕು ಬೀಳುವಷ್ಟು ಅಗಲ ಇದೆ, ಅಂದರೆ ಮೊಂಡಾಗಿದೆ. ಹರಿತವಾದ ಅಂಚು ಕಾಣುವುದೇ ಇಲ್ಲ. ಮಿಂಚು ಒಂದೇ ಉದ್ದ ಗೆರೆಯಂತಿದ್ದರೆ ಅಂಚು ಸವೆದಿದೆ ಅಥವಾ ಒಂದು ಕಡೆಗೆ ಬಾಗಿದೆ. ಚುಕ್ಕೆ ಚುಕ್ಕೆಯಾಗಿದ್ದರೆ ಅಲ್ಲಲ್ಲಿ ಚೂರು ಎದ್ದುಹೋಗಿದೆ. ಈ ವ್ಯತ್ಯಾಸ ನೆನಪಿಡಿ. ನಿಮ್ಮ ಉಕ್ಕು ನಿಮ್ಮ ಕೆಲಸಕ್ಕೆ ಹೊಂದುತ್ತಿದೆಯೋ ಇಲ್ಲವೋ ಎಂದು ಹೇಳುವುದು ಇದೇ.

ಹಂತ 2: ನೀವು ನಿಜವಾಗಿ ಏನು ಕತ್ತರಿಸುತ್ತೀರಿ?

ಒಂದು ವಾರ ಗಮನಿಸಿ. ಕೊರಿಯರ್ ಡಬ್ಬಿ, ಪ್ಲಾಸ್ಟಿಕ್ ಪಟ್ಟಿ, ಹಣ್ಣು, ತೆಂಗಿನ ನಾರಿನ ಹಗ್ಗ, ತೋಟದ ಕಡ್ಡಿ, ಮಾವಿನಕಾಯಿ: ಏನಿದ್ದರೂ ಬರೆದಿಡಿ. ಒಂದೊಂದು ವಸ್ತು ಅಂಚನ್ನು ಒಂದೊಂದು ರೀತಿ ಹಾಳು ಮಾಡುತ್ತದೆ.

ರಟ್ಟಿನ ಡಬ್ಬಿ ಮೆತ್ತಗಿದೆ ಎಂದು ಅನಿಸುತ್ತದೆ, ಅಲ್ವಾ? ಅದರೊಳಗೆ ಜೇಡಿಮಣ್ಣಿನ ಕಣ, ಧೂಳು, ಮರಳಿನ ಅಂಶ ಇರುತ್ತದೆ. ಅದು ಅಂಚನ್ನು ಉಜ್ಜಿ ಸವೆಸುತ್ತದೆ. ನಾರಿನ ಹಗ್ಗವೂ ಅಷ್ಟೇ. ಗಟ್ಟಿ ಅಡಿಕೆ, ಒಣ ಮರದ ಗಂಟು, ಮೂಳೆ ಇವು ಸವೆಸುವುದಕ್ಕಿಂತ ಜಾಸ್ತಿಯಾಗಿ ಅಂಚನ್ನು ಬಾಗಿಸುತ್ತವೆ ಅಥವಾ ಮುರಿಯುತ್ತವೆ. ನಿಂಬೆ, ಹುಣಸೆ, ಮಾವಿನಕಾಯಿ, ಉಪ್ಪು ಇವು ರಾಸಾಯನಿಕವಾಗಿ ತಿನ್ನುತ್ತವೆ. ಬಹಳ ಜನ ಮರೆಯುವ ವಿಷಯ ಇದು: ತುಕ್ಕು ಕಣ್ಣಿಗೆ ಕಾಣುವ ಮೊದಲೇ ಆ ಒಂದು ಮೈಕ್ರಾನಿನ ಗೆರೆಯನ್ನು ತಿಂದಿರುತ್ತದೆ. ರಾತ್ರಿ ಹರಿತವಿದ್ದ ಚಾಕು ಒದ್ದೆಯಾಗಿ ಬಿದ್ದಿದ್ದರೆ ಬೆಳಿಗ್ಗೆ ಮಂಕಾಗುವುದು ಇದರಿಂದಲೇ.

ಅಂದರೆ ಅಂಚಿಗೆ ನಾಲ್ಕು ಶತ್ರುಗಳು: ಸವೆತ, ಬಾಗುವುದು, ಚೂರು ಏಳುವುದು, ತುಕ್ಕು. ನಾಲ್ಕನ್ನೂ ಒಂದೇ ಸಮನಾಗಿ ಎದುರಿಸುವ ಉಕ್ಕು ಇಲ್ಲ. ನಿಮ್ಮ ಪಟ್ಟಿಯಲ್ಲಿ ಯಾವುದು ಮೊದಲ ಶತ್ರು ಎಂದು ಗುರುತಿಸಿಕೊಂಡರೆ ಅರ್ಧ ಆಯ್ಕೆ ಮುಗಿಯಿತು.

ಹಂತ 3: ಉಕ್ಕಿನ ಒಳಗೆ ಇಣುಕಿ

ಈ ಹಂತ ಸ್ವಲ್ಪ ಉದ್ದ. ಆದರೆ ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಕಬ್ಬಿಣಕ್ಕೆ ಕಾರ್ಬನ್ ಸೇರಿದರೆ ಉಕ್ಕು. ಚಾಕುವಿನ ಉಕ್ಕಿನಲ್ಲಿ ಕಾರ್ಬನ್ ಹೆಚ್ಚುಕಡಿಮೆ ಅರ್ಧ ಪರ್ಸೆಂಟಿನಿಂದ ಎರಡು ಪರ್ಸೆಂಟ್ ತನಕ ಇರುತ್ತದೆ. ಈ ಕಾರ್ಬನ್ ಎರಡು ಕೆಲಸ ಮಾಡುತ್ತದೆ. ಒಂದಷ್ಟು ಭಾಗ ಕಬ್ಬಿಣದೊಳಗೆ ಕರಗಿ, ಹದ ಮಾಡಿದಾಗ, ಅಂದರೆ ಕಾಯಿಸಿ ತಣಿಸಿದಾಗ, ಇಡೀ ಅಲಗನ್ನು ಗಡಸಾಗಿಸುತ್ತದೆ. ಉಳಿದದ್ದು ಕ್ರೋಮಿಯಂ, ವೆನೇಡಿಯಂನಂಥ ಲೋಹಗಳ ಜೊತೆ ಸೇರಿ ಕಾರ್ಬೈಡ್ ಎಂಬ ಅತಿ ಗಡಸು ಕಣಗಳಾಗುತ್ತದೆ. ಕಾಂಕ್ರೀಟಿನಲ್ಲಿ ಸಿಮೆಂಟಿನ ನಡುವೆ ಜಲ್ಲಿ ಕೂತ ಹಾಗೆ ಈ ಕಣಗಳು ಉಕ್ಕಿನ ನಡುವೆ ಕೂತಿರುತ್ತವೆ.

ವಿಕರ್ಸ್ ಅಳತೆಯಲ್ಲಿ ಚೆನ್ನಾಗಿ ಹದವಾದ ಉಕ್ಕಿನ ಗಡಸುತನ ಸುಮಾರು 700. ಕ್ರೋಮಿಯಂ ಕಾರ್ಬೈಡಿನದು ಸುಮಾರು 1500. ವೆನೇಡಿಯಂ ಕಾರ್ಬೈಡಿನದು ಸುಮಾರು 2800. ರಟ್ಟಿನ ಧೂಳು ಉಕ್ಕನ್ನು ಉಜ್ಜುವಾಗ ಈ ಕಣಗಳು ಅಡ್ಡ ನಿಲ್ಲುತ್ತವೆ. ಹಾಗಾಗಿ ಕಾರ್ಬೈಡ್ ಜಾಸ್ತಿ ಇದ್ದಷ್ಟೂ ಸವೆತ ಕಡಿಮೆ.

ಹಾಗಾದರೆ ಕಾರ್ಬೈಡ್ ಜಾಸ್ತಿ ಇರುವ ಉಕ್ಕನ್ನೇ ಕೊಂಡರೆ ಆಯಿತಲ್ಲ? ಇಲ್ಲ. ಕಣದ ಗಾತ್ರ ನೋಡಬೇಕು. ಡಿ2 ಎಂಬ ಹಳೆಯ ಟೂಲ್ ಸ್ಟೀಲಿನಲ್ಲಿ ಸುಮಾರು 1.5 ಪರ್ಸೆಂಟ್ ಕಾರ್ಬನ್, 12 ಪರ್ಸೆಂಟ್ ಕ್ರೋಮಿಯಂ ಇದೆ. ಮಾಮೂಲಿ ರೀತಿಯಲ್ಲಿ ಎರಕ ಹೊಯ್ದ ಡಿ2ರಲ್ಲಿ ಕೆಲವು ಕಾರ್ಬೈಡುಗಳು 20 ಮೈಕ್ರಾನಿಗಿಂತಲೂ ದೊಡ್ಡವು. ಅಂಚು ಒಂದು ಮೈಕ್ರಾನಿಗಿಂತ ತೆಳು, ಅದರೊಳಗೆ 20 ಮೈಕ್ರಾನಿನ ಕಲ್ಲು! ಅಂಚನ್ನು ಜಾಸ್ತಿ ತೆಳ್ಳಗೆ ಮಾಡಿದರೆ ಆ ಕಣಕ್ಕೆ ಆಧಾರ ಇರುವುದಿಲ್ಲ. ಸ್ವಲ್ಪ ಒತ್ತಡ ಬಿದ್ದರೂ ಕಿತ್ತುಬರುತ್ತದೆ, ಅಲ್ಲೊಂದು ಗುಳಿ ಉಳಿಯುತ್ತದೆ. ಇದಕ್ಕೆ ತದ್ವಿರುದ್ಧ ತುದಿಯಲ್ಲಿ ಎಇಬಿ-ಎಲ್ ಇದೆ. ಇದು ಕ್ಷೌರದ ಬ್ಲೇಡಿಗೆಂದೇ ರೂಪುಗೊಂಡ ಸ್ವೀಡನ್ನಿನ ಸ್ಟೇನ್‌ಲೆಸ್ ಉಕ್ಕು. ಇದರ ಕಾರ್ಬೈಡುಗಳು ಕಡಿಮೆ, ಬಹುಪಾಲು ಒಂದು ಮೈಕ್ರಾನಿಗಿಂತ ಸಣ್ಣವು. ಆದ್ದರಿಂದಲೇ ಅಂಚು ತೀರಾ ತೆಳ್ಳಗಾದರೂ ನಿಲ್ಲುತ್ತದೆ.

ಈ ತೊಂದರೆಗೆ ಪೌಡರ್ ಮೆಟಲರ್ಜಿ ಒಂದು ಪರಿಹಾರ. ಕರಗಿದ ಉಕ್ಕನ್ನು ದೊಡ್ಡ ಅಚ್ಚಿಗೆ ಹೊಯ್ಯುವ ಬದಲು ಅನಿಲದ ರಭಸಕ್ಕೆ ಸಿಡಿಸಿ ಹಿಟ್ಟಿನಂಥ ಪುಡಿ ಮಾಡುತ್ತಾರೆ. ಪ್ರತಿ ಹನಿಯೂ ಥಟ್ಟನೆ ತಣಿಯುವುದರಿಂದ ಕಾರ್ಬೈಡ್ ದೊಡ್ಡದಾಗಿ ಬೆಳೆಯಲು ಸಮಯವೇ ಸಿಗುವುದಿಲ್ಲ. ಆ ಪುಡಿಯನ್ನು ಬಿಸಿ ಮತ್ತು ಒತ್ತಡದಲ್ಲಿ ಮತ್ತೆ ಒಂದು ಮಾಡುತ್ತಾರೆ. ಕಣಗಳು ಕೆಲವೇ ಮೈಕ್ರಾನಿಗೆ ಇಳಿಯುತ್ತವೆ, ಸಮನಾಗಿ ಹರಡಿರುತ್ತವೆ. ಅಮೆರಿಕದ ಕ್ರೂಸಿಬಲ್ ಕಂಪನಿ 2001ರಲ್ಲಿ ತಂದ ಎಸ್30ವಿ ಇದೇ ಬಗೆಯದು. ಚಾಕುವಿಗೆಂದೇ ರೂಪಿಸಿದ ಉಕ್ಕು, ಅದರಲ್ಲಿ 4 ಪರ್ಸೆಂಟ್ ವೆನೇಡಿಯಂ. 2021ರಲ್ಲಿ ಬಂದ ಮ್ಯಾಗ್ನಾಕಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲೋಹವಿಜ್ಞಾನಿ ಲ್ಯಾರಿನ್ ಥಾಮಸ್ ಅದನ್ನು ರೂಪಿಸುವಾಗ ಕ್ರೋಮಿಯಂ ಕಾರ್ಬೈಡ್ ಆಗುವುದನ್ನೇ ತಪ್ಪಿಸಿದರು. ಹಾಗಾಗಿ ಸುಮಾರು 11 ಪರ್ಸೆಂಟ್ ಕ್ರೋಮಿಯಂ ಇದ್ದರೂ ಅದು ಕಣಗಳಲ್ಲಿ ಸಿಕ್ಕಿಕೊಳ್ಳದೆ ತುಕ್ಕು ತಡೆಯುವ ಕೆಲಸಕ್ಕೆ ಸಿಗುತ್ತದೆ. ಡಿ2ರಲ್ಲಿ 12 ಪರ್ಸೆಂಟ್ ಇದ್ದೂ ತುಕ್ಕು ಹಿಡಿಯುತ್ತದೆ, ಏಕೆಂದರೆ ಕ್ರೋಮಿಯಂನ ದೊಡ್ಡ ಪಾಲು ಕಾರ್ಬೈಡಿನಲ್ಲಿ ಬಂಧಿಯಾಗಿರುತ್ತದೆ. ಒಟ್ಟು ಪರ್ಸೆಂಟ್ ನೋಡಿ ಮೋಸ ಹೋಗಬೇಡಿ.

ಕಾರ್ಬೈಡ್ ಮತ್ತು ವೆನೇಡಿಯಂನ ಈ ಕಥೆ ಹೊಸದೇನಲ್ಲ. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದುದನ್ನು ಫ್ರಾನ್ಸಿಸ್ ಬುಕನನ್ 1800-01ರ ಪ್ರಯಾಣದಲ್ಲಿ ಕಂಡು ಬರೆದಿದ್ದಾನೆ. ದಕ್ಷಿಣ ಭಾರತದ ಆ ಬಗೆಯ ಉಕ್ಕು ಪಶ್ಚಿಮ ಏಷ್ಯಾಕ್ಕೆ ಹೋಗಿ ಡಮಾಸ್ಕಸ್ ಕತ್ತಿಗಳಾಯಿತು. ಆ ಕತ್ತಿಗಳ ಮೇಲಿನ ಅಲೆಯಂಥ ಗೆರೆಗಳು ಸಾಲುಗಟ್ಟಿದ ಕಾರ್ಬೈಡುಗಳೇ. ಅದಿರಿನಲ್ಲಿದ್ದ ಲವಲೇಶ ವೆನೇಡಿಯಂನಂಥ ಧಾತುಗಳು ಅವನ್ನು ಸಾಲುಗಟ್ಟಿಸಿದವು ಎಂದು ಅಮೆರಿಕದ ಸಂಶೋಧಕ ಜಾನ್ ವರ್ಹೋವನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದರು. ನಮ್ಮ ಕುಲುಮೆಗಳಿಗೆ ಇಂಥ ಹಿರಿಮೆ ಇದೆ ಎನ್ನುವುದು ನನಗೆ ಪ್ರತಿ ಸಲವೂ ಹೆಮ್ಮೆ ತರುತ್ತದೆ.

ಹಂತ 4: ಹೆಸರು ಓದಿ, ಗುಂಪು ಗುರುತಿಸಿ

ಕೆಲವು ಹೆಸರುಗಳೇ ಗುಟ್ಟು ಬಿಟ್ಟುಕೊಡುತ್ತವೆ. ಚೀನಾದ 8ಸಿಆರ್13ಎಂಒವಿಯಲ್ಲಿ ಮೊದಲ 8 ಎಂದರೆ 0.8 ಪರ್ಸೆಂಟ್ ಕಾರ್ಬನ್, ಆಮೇಲಿನ 13 ಎಂದರೆ 13 ಪರ್ಸೆಂಟ್ ಕ್ರೋಮಿಯಂ. ಅದೇ ರೀತಿ 3ಸಿಆರ್13 ಎಂದು ಇದ್ದರೆ ಕಾರ್ಬನ್ ಬರೀ 0.3. ಅದು ಮೆತ್ತಗಿನ ಉಕ್ಕು, ಅಂಚು ಬೇಗ ಬಾಗುತ್ತದೆ. ಫ್ರಾನ್ಸಿನ ಎಕ್ಸ್‌ಸಿ90 ಎಂದರೆ 0.9 ಪರ್ಸೆಂಟ್. ಅಲಗಿನ ಮೇಲೆ ಬರೀ "ಸ್ಟೇನ್‌ಲೆಸ್ ಸ್ಟೀಲ್" ಎಂದಷ್ಟೇ ಬರೆದಿದ್ದರೆ 3ಸಿಆರ್13ರ ಮಟ್ಟದ್ದು ಎಂದುಕೊಂಡೇ ಬೆಲೆ ಕಟ್ಟಿ.

ನನ್ನ ಲೆಕ್ಕದಲ್ಲಿ ಗುಂಪುಗಳು ಹೀಗಿವೆ.

ಸರಳ ಸ್ಟೇನ್‌ಲೆಸ್: ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್ ಕೆಂಪು ಚಾಕುಗಳ ಉಕ್ಕು ಇಲ್ಲಿ ಬರುತ್ತದೆ. ಕಾರ್ಬನ್ ಸುಮಾರು ಅರ್ಧ ಪರ್ಸೆಂಟ್, ಗಡಸುತನ ರಾಕ್‌ವೆಲ್ ಸಿ ಎಂಬ ಇನ್ನೊಂದು ಅಳತೆಯಲ್ಲಿ 56. ಅಮೆರಿಕದ ಬಕ್ ಕಂಪನಿಯ 420ಎಚ್‌ಸಿ ಕೂಡ ಇದೇ ಜಾತಿ, ಆದರೆ ಹದ ಚೆನ್ನಾಗಿರುವುದರಿಂದ 58ರ ತನಕ ಹೋಗುತ್ತದೆ. ಮೊಂಡಾಗುವುದು ಬೇಗ, ಹರಿತವಾಗುವುದು ಅದಕ್ಕಿಂತ ಬೇಗ. ಪಿಂಗಾಣಿ ಕಪ್ಪಿನ ತಳದ ಒರಟು ಅಂಚಿಗೆ ಹತ್ತಿಪ್ಪತ್ತು ಸಲ ಎಳೆದರೂ ಸಾಕು, ಟೊಮೆಟೊ ಹೆಚ್ಚುವಷ್ಟು ಹರಿತ ವಾಪಸ್ ಬರುತ್ತದೆ.

ಸಣ್ಣ ಕಣದ ಸ್ಟೇನ್‌ಲೆಸ್: 12ಸಿ27, 14ಸಿ28ಎನ್, ಎಇಬಿ-ಎಲ್. ಮೂರೂ ಸ್ವೀಡನ್ನಿನವು. 14ಸಿ28ಎನ್‌ನಲ್ಲಿ ಸ್ವಲ್ಪ ಸಾರಜನಕ ಸೇರಿಸಿದ್ದಾರೆ, ಅದರಿಂದ ತುಕ್ಕು ತಡೆಯುವ ಶಕ್ತಿ ಹೆಚ್ಚು. ಮೊದಲ ಒಳ್ಳೆಯ ಚಾಕು ಕೊಳ್ಳುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು 14ಸಿ28ಎನ್. ತೆಳ್ಳಗೆ ಸಾಣೆ ತಾಳುತ್ತದೆ, ಮಾಮೂಲಿ ಕಲ್ಲಿಗೆ ಒಗ್ಗುತ್ತದೆ, ಬೆಲೆಯೂ ತಲೆ ತಿರುಗಿಸುವುದಿಲ್ಲ.

ಕಾರ್ಬನ್ ಉಕ್ಕು: ಫ್ರಾನ್ಸಿನ ಸವ್ವಾ ಸೀಮೆಯ ಒಪಿನೆಲ್ ಚಾಕು ಇದಕ್ಕೆ ಒಳ್ಳೆಯ ಉದಾಹರಣೆ. 1890ರಿಂದ ಬರುತ್ತಿದೆ. ಕಲ್ಲಿನ ಮೇಲೆ ಇಟ್ಟರೆ ಬೆಣ್ಣೆ, ಹರಿತ ಸೊಗಸು. ಆದರೆ ಕ್ರೋಮಿಯಂ ಇಲ್ಲ. ಮಾವಿನಕಾಯಿ ಹೆಚ್ಚಿದರೆ ಅಲಗು ನೀಲಿ-ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣದಿಂದ ತೊಂದರೆ ಇಲ್ಲ, ಅದು ಒಂದು ಮಟ್ಟಿಗೆ ರಕ್ಷಣೆ. ಕೆಂಪು ತುಕ್ಕೇ ಕೆಟ್ಟದ್ದು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಅಥವಾ ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಜೇಬಲ್ಲಿ ಇಟ್ಟುಕೊಳ್ಳುವವರು ದಿನಾ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನಾದರೂ ಸವರಬೇಕು. ಮರದ ಹಿಡಿ ನೀರು ಕುಡಿದು ಉಬ್ಬಿ, ಚಾಕು ಬಿಚ್ಚಲು ಬಾರದಂತೆ ಬಿಗಿಯಾಗುವುದೂ ಉಂಟು. ಆ ಸೀಮೆಯವರು ಇದೇ ಚಾಕುವಿನ ಸ್ಟೇನ್‌ಲೆಸ್ ರೂಪ ಕೊಳ್ಳುವುದು ಮೇಲು.

ದೊಡ್ಡ ಕಣದ ಉಕ್ಕು: ಡಿ2, ಹಳೆಯ 440ಸಿ. ರಟ್ಟು, ಹಗ್ಗಕ್ಕೆ ತುಂಬ ಚೆನ್ನಾಗಿ ಬಾಳುತ್ತವೆ. ಅಂಚು ಸ್ವಲ್ಪ ಒರಟಾಗಿರಬೇಕು, ಕೋನ ಸ್ವಲ್ಪ ದಪ್ಪ ಇರಬೇಕು. ಹಣ್ಣು ತರಕಾರಿಗೆ ನಾನು ಡಿ2 ಹೇಳುವುದಿಲ್ಲ.

ಜಪಾನಿನ ವಿಜಿ-10 ಇವೆಲ್ಲದರ ನಡುವೆ ನಿಲ್ಲುತ್ತದೆ. ಒಂದು ಪರ್ಸೆಂಟ್ ಕಾರ್ಬನ್, 15 ಪರ್ಸೆಂಟ್ ಕ್ರೋಮಿಯಂ. ನುಣ್ಣನೆ ಹರಿತಕ್ಕೆ ಬರುತ್ತದೆ.

ಪುಡಿಯಿಂದ ಮಾಡಿದ ಉಕ್ಕು: ಎಸ್30ವಿ, ಎಸ್35ವಿಎನ್, ಆಸ್ಟ್ರಿಯಾದ ಎಂ390, ಮ್ಯಾಗ್ನಾಕಟ್. ಇನ್ನೂ ಮುಂದೆ ಹೋದರೆ 9 ಪರ್ಸೆಂಟ್ ವೆನೇಡಿಯಂ ಇರುವ ಎಸ್90ವಿ. ದಿನಾ ಹತ್ತಾರು ಡಬ್ಬಿ ಬಿಚ್ಚುವ ಗೋದಾಮಿನವರಿಗೆ ಎಸ್90ವಿ ವರದಾನ. ಸಾಣೆಕಲ್ಲೇ ಇಲ್ಲದವರಿಗೆ ಅದು ಶಿಕ್ಷೆ. ಮೊಂಡಾಗಲು ತಿಂಗಳುಗಟ್ಟಲೆ ಬೇಕು ನಿಜ, ಆದರೆ ಆಮೇಲೆ ಹರಿತ ಮಾಡುವವರು ಯಾರು?

ಹಂತ 5: ಹದ ವಿಚಾರಿಸಿ

ಒಂದೇ ಹೆಸರಿನ ಉಕ್ಕು ಎರಡು ಕಾರ್ಖಾನೆಗಳಿಂದ ಬಂದರೆ ಎರಡು ರೀತಿ ನಡೆದುಕೊಳ್ಳುತ್ತದೆ. ಕಾರಣ ಹದ. ಅಲಗನ್ನು ಕೆಂಪಗೆ ಕಾಯಿಸಿ, ಥಟ್ಟನೆ ತಣಿಸಿ ಗಡಸು ಮಾಡುತ್ತಾರೆ. ಆಮೇಲೆ ಸುಮಾರು 200 ಡಿಗ್ರಿಯಲ್ಲಿ ಮತ್ತೆ ಬೆಚ್ಚಗೆ ಮಾಡಿ ಬಿರುಸು ಕಡಿಮೆ ಮಾಡುತ್ತಾರೆ. ಸರಳ ಕಾರ್ಬನ್ ಉಕ್ಕಿಗೆ ಮೊದಲ ಕಾವು 800 ಡಿಗ್ರಿಯ ಆಸುಪಾಸು ಸಾಕು. ಸ್ಟೇನ್‌ಲೆಸ್‌ಗೆ 1000 ದಾಟಬೇಕು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ತುಕ್ಕು ಹಿಡಿಯದ ಉಕ್ಕು ಎರಕ ಹೊಯ್ದಾಗ ಅಲ್ಲಿನ ಚಾಕು ಕುಶಲಕರ್ಮಿಗಳಿಗೆ ಅದನ್ನು ಹದ ಮಾಡುವುದು ಒಗ್ಗಲಿಲ್ಲ. ಸ್ಟೇನ್‌ಲೆಸ್ ಚಾಕು ಕತ್ತರಿಸುವುದಿಲ್ಲ ಎಂಬ ಮಾತು ಆಗಿನಿಂದ ಅಂಟಿಕೊಂಡಿತು. ಇವತ್ತಿಗೂ ಕೆಲವರು ಹಾಗೇ ಹೇಳುತ್ತಾರೆ, ಈಗ ಅದರಲ್ಲಿ ಹುರುಳಿಲ್ಲ.

ಕೊಳ್ಳುವಾಗ ರಾಕ್‌ವೆಲ್ ಸಿ ಅಂಕಿ ಕೇಳಿ. 55ಕ್ಕಿಂತ ಕೆಳಗಿದ್ದರೆ ಅಂಚು ಬಾಗುತ್ತಲೇ ಇರುತ್ತದೆ. 58ರಿಂದ 61 ಜೇಬುಚಾಕುವಿಗೆ ಹಿತವಾದ ಜಾಗ. 63 ದಾಟಿದರೆ ತಾಳ್ಮೆಯಿಂದ ಬಳಸುವ ಕೈ ಬೇಕು. ಯಾವ ಅಂಕಿಯನ್ನೂ ಕೊಡದ, ಆದರೆ ದುಬಾರಿ ಉಕ್ಕಿನ ಹೆಸರು ಕೆತ್ತಿದ ಅಗ್ಗದ ಚಾಕು ಕಂಡರೆ ಬಿಟ್ಟುಬಿಡಿ.

ಬೀದಿಯಲ್ಲಿ ಸಾಣೆ ಹಿಡಿಯುವವರ ಚಕ್ರಕ್ಕೆ ಕೊಡುವಾಗಲೂ ಇದೇ ಹದದ ಮಾತು ಬರುತ್ತದೆ. ಮಚ್ಚು, ಕುಡುಗೋಲಿಗೆ ಆ ಚಕ್ರ ಸರಿ. ಜೇಬುಚಾಕುವಿನ ತೆಳು ಅಂಚು ಒಣ ಚಕ್ರದ ಮೇಲೆ ಕ್ಷಣದಲ್ಲಿ 200 ಡಿಗ್ರಿ ದಾಟುತ್ತದೆ. ಅಂಚು ನೀಲಿಯಾದರೆ ಅಲ್ಲಿನ ಹದ ಹೋಯಿತು ಎಂದೇ ಅರ್ಥ. ಆ ಭಾಗ ಪೂರ್ತಿ ಸವೆದು ಹೋಗುವ ತನಕ ಹರಿತ ನಿಲ್ಲುವುದಿಲ್ಲ.

ಹಂತ 6: ಅಂಚಿನ ಹಿಂದಿನ ದಪ್ಪ ಅಳೆಯಿರಿ

ಸಾಣೆಯ ಇಳಿಜಾರು ಶುರುವಾಗುವ ಜಾಗದಲ್ಲಿ ಅಲಗು ಎಷ್ಟು ದಪ್ಪ ಇದೆ? ವರ್ನಿಯರ್ ಕ್ಯಾಲಿಪರ್ ಇದ್ದರೆ ಅಳೆಯಿರಿ. 0.3ರಿಂದ 0.5 ಮಿಲಿಮೀಟರ್ ಇದ್ದರೆ ಚೆನ್ನಾಗಿ ಸೀಳುತ್ತದೆ. 0.8 ದಾಟಿದರೆ ಎಂಥಾ ಉಕ್ಕಾದರೂ ಕ್ಯಾರೆಟ್ ಸೀಳುವ ಬದಲು ಬಿರುಕು ಬಿಡಿಸುತ್ತದೆ. ಒಪಿನೆಲ್, ವಿಕ್ಟೋರಿನಾಕ್ಸ್ ಚಾಕುಗಳು ಸರಳ ಉಕ್ಕಿನಲ್ಲೂ ಅಷ್ಟು ಚೆನ್ನಾಗಿ ಕತ್ತರಿಸುವುದು ಅಲಗು ತೆಳ್ಳಗಿರುವುದರಿಂದ. ದಪ್ಪ ಅಲಗಿನ ಎಂ390ಕ್ಕಿಂತ ತೆಳು ಅಲಗಿನ 12ಸಿ27 ಅಡುಗೆಮನೆಯಲ್ಲಿ ಗೆಲ್ಲುತ್ತದೆ.

ಶೆಫೀಲ್ಡಿನ ಕ್ಯಾಟ್ರಾ ಸಂಸ್ಥೆಯ ಯಂತ್ರ ಮರಳಿನ ಪುಡಿ ಬೆರೆಸಿದ ಕಾಗದದ ಕಟ್ಟನ್ನು ಚಾಕುವಿನಿಂದ ಮತ್ತೆ ಮತ್ತೆ ಕತ್ತರಿಸಿ ಅಂಚಿನ ಬಾಳಿಕೆ ಅಳೆಯುತ್ತದೆ. ಅಲ್ಲೂ ಇದೇ ಕಾಣುತ್ತದೆ: ಅದೇ ಉಕ್ಕಿನಲ್ಲಿ ಕೋನ ತೆಳ್ಳಗಾದಷ್ಟೂ ಚಾಕು ಜಾಸ್ತಿ ಕಾಗದ ಕತ್ತರಿಸುತ್ತದೆ. ಅಂಚು ತಾಳಬೇಕು ಅಷ್ಟೇ.

ಹಂತ 7: ಉಕ್ಕಿಗೆ ತಕ್ಕ ಕಲ್ಲು

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮುಖದ ಸಾಣೆಕಲ್ಲು ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡಿನದು ಅಥವಾ ಕಾರ್ಬೊರಂಡಮ್ ಎನ್ನುವ ಸಿಲಿಕಾನ್ ಕಾರ್ಬೈಡಿನದು. ಮೊದಲನೆಯದರ ಗಡಸುತನ ಸುಮಾರು 2100, ಎರಡನೆಯದರದು ಸುಮಾರು 2500. ವೆನೇಡಿಯಂ ಕಾರ್ಬೈಡ್ 2800 ಎಂದು ಮೇಲೆ ನೋಡಿದೆವಲ್ಲ? ಅಂದರೆ ಈ ಕಲ್ಲುಗಳು ಸುತ್ತಲಿನ ಉಕ್ಕನ್ನು ಸವೆಸುತ್ತವೆ, ಆದರೆ ಆ ಕಣವನ್ನು ಸರಿಯಾಗಿ ಕತ್ತರಿಸುವುದಿಲ್ಲ. ಒರಟು ಕಲ್ಲಿನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ನುಣುಪು ಕಲ್ಲಿಗೆ ಬಂದಾಗ ಎಷ್ಟು ಉಜ್ಜಿದರೂ ಅಂಚು ಚುರುಕಾಗುವುದಿಲ್ಲ. ಎಸ್30ವಿ, ಎಂ390, ಎಸ್90ವಿ, ಮ್ಯಾಗ್ನಾಕಟ್‌ಗೆ ವಜ್ರದ ಪುಡಿ ಅಂಟಿಸಿದ ತಟ್ಟೆ ತೆಗೆದುಕೊಳ್ಳಿ. 400 ಮತ್ತು 1000 ಗ್ರಿಟ್ಟಿನದು ಒಂದೊಂದು ಇದ್ದರೆ ಸಾಕು (ಗ್ರಿಟ್ ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು). ಉಳಿದ ಉಕ್ಕುಗಳಿಗೆ ಮಾಮೂಲಿ ಕಲ್ಲೇ ಸಾಕು, ಸುಮ್ನೆ ದುಡ್ಡು ಖರ್ಚು ಮಾಡಬೇಡಿ.

ಹಂತ 8: ಸಾಣೆ ಹಿಡಿಯಿರಿ

ಮೊದಲು ಕೋನ. ಒಂದೊಂದು ಬದಿಗೆ ಹೀಗಿಟ್ಟುಕೊಳ್ಳಿ: 14ಸಿ28ಎನ್, ಎಇಬಿ-ಎಲ್ ಆದರೆ 12ರಿಂದ 15 ಡಿಗ್ರಿ. ಒಪಿನೆಲ್ ಕಾರ್ಬನ್, ವಿಜಿ-10 ಆದರೆ 15. ವಿಕ್ಟೋರಿನಾಕ್ಸ್ ಮತ್ತು 8ಸಿಆರ್13ಎಂಒವಿ ಆದರೆ 17. ಪುಡಿ ಉಕ್ಕುಗಳಿಗೆ 15ರಿಂದ 17. ಡಿ2 ಆದರೆ 18ರಿಂದ 20.

ಕೋನ ಅಳೆಯುವುದು ಸುಲಭ. ಬೆನ್ನಿನಿಂದ ಅಂಚಿನವರೆಗೆ ಅಲಗಿನ ಅಗಲ 20 ಮಿಲಿಮೀಟರ್ ಇದ್ದರೆ, ಬೆನ್ನಿನ ನಡುಭಾಗ ಕಲ್ಲಿನಿಂದ 5.2 ಮಿಲಿಮೀಟರ್ ಎತ್ತರದಲ್ಲಿದ್ದಾಗ 15 ಡಿಗ್ರಿ. 6.8 ಮಿಲಿಮೀಟರ್ ಎತ್ತರದಲ್ಲಿದ್ದರೆ 20 ಡಿಗ್ರಿ. ಅಗಲ ಬೇರೆ ಇದ್ದರೆ ಅದೇ ಪ್ರಮಾಣದಲ್ಲಿ ಕೂಡಿಸಿ, ಕಳೆಯಿರಿ. ಅಷ್ಟೇ ದಪ್ಪದ ಒಂದು ಮರದ ತುಂಡು ಕೆತ್ತಿಟ್ಟುಕೊಂಡರೆ ಶುರುವಿನಲ್ಲಿ ಕೈಗೆ ಅಂದಾಜು ಸಿಗುತ್ತದೆ.

ಅಂಚಿನ ಇಳಿಜಾರಿಗೆ ಕಪ್ಪು ಮಾರ್ಕರ್ ಬಳಿಯಿರಿ. ಕಲ್ಲಿನ ಮೇಲೆ ಎರಡು ಸಲ ಎಳೆದು ನೋಡಿ. ಅಂಚಿನ ಕಡೆಯ ಕಪ್ಪು ಅಳಿಸಿದರೆ ಕೋನ ಜಾಸ್ತಿ, ಮೇಲ್ಗಡೆಯದು ಅಳಿಸಿದರೆ ಕೋನ ಕಡಿಮೆ. ಎರಡೂ ಕಡೆ ಸಮನಾಗಿ ಅಳಿಸಿದರೆ ಹಳೆಯ ಕೋನಕ್ಕೇ ಸಿಕ್ಕಿದ್ದೀರಿ. ನಿಮಗೆ ಬೇಕಾದದ್ದು ಅದಕ್ಕಿಂತ ತೆಳು ಕೋನವಾದರೆ, ಮೇಲ್ಗಡೆಯಿಂದ ಶುರುವಾಗಿ ಕಪ್ಪು ಅಂಚಿನವರೆಗೆ ಪೂರ್ತಿ ಹೋಗುವ ತನಕ ಒರಟು ಕಲ್ಲಿನಲ್ಲೇ ಇರಿ.

ಒಂದೇ ಬದಿಯನ್ನು ಉಜ್ಜುತ್ತಾ ಹೋದರೆ ಅಂಚಿನ ಆಚೆ ಬದಿಗೆ ಲೋಹದ ತೆಳು ಎಳೆ ಮಡಚಿ ನಿಲ್ಲುತ್ತದೆ. ಇದಕ್ಕೆ ಬರ್ ಎನ್ನುತ್ತಾರೆ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಹೊರಗೆ ಜಾರಿಸಿದರೆ ಉಗುರಿಗೆ ಸಿಗುವಂತೆ ತಿಳಿಯುತ್ತದೆ. ಅಂಚಿನುದ್ದಕ್ಕೆ ಬೆರಳು ಎಳೆಯಲೇಬೇಡಿ. ಹಿಡಿಯಿಂದ ತುದಿಯವರೆಗೆ ಬರ್ ಸಿಕ್ಕಿದರೆ ಆ ಬದಿ ಮುಗಿಯಿತು. ತಿರುಗಿಸಿ, ಇನ್ನೊಂದು ಬದಿ ಮಾಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ: ಬರ್ ತೆಗೆಯುವುದು. ಹೊಸಬರ ಚಾಕು "ನಿನ್ನೆ ಹರಿತವಿತ್ತು, ಇವತ್ತು ಇಲ್ಲ" ಎಂದಾಗುವುದು ಬಹುಪಾಲು ಇಲ್ಲೇ. ಅಂಚಿನಂತೆ ನೆಟ್ಟಗೆ ನಿಂತ ಬರ್ ಕಾಗದ ಸೀಳುತ್ತದೆ, ಮೊದಲ ರಟ್ಟಿನಲ್ಲೇ ಮಗುಚಿಕೊಳ್ಳುತ್ತದೆ. ಮೆತ್ತಗಿನ ಸ್ಟೇನ್‌ಲೆಸ್‌ನ ಬರ್ ಹಠಮಾರಿ, ಆಚೆ ಈಚೆ ಬಾಗುತ್ತದೆಯೇ ಹೊರತು ಬೀಳುವುದಿಲ್ಲ. ವಿಜಿ-10 ಕೂಡ ಹಾಗೇ. ಇವುಗಳಿಗೆ ಒತ್ತಡ ಪೂರ್ತಿ ಇಳಿಸಿ, ಚಾಕುವಿನ ತೂಕ ಮಾತ್ರ ಬೀಳುವಂತೆ, ಒಂದು ಬದಿಗೆ ಒಂದು ಎಳೆತ, ಇನ್ನೊಂದಕ್ಕೆ ಒಂದು ಎಂದು ಹತ್ತಾರು ಸಲ ಮಾಡಿ. ಕೊನೆಯ ಎರಡು ಎಳೆತದಲ್ಲಿ ಕೋನವನ್ನು ಎರಡು ಮೂರು ಡಿಗ್ರಿ ಎತ್ತಿದರೆ ಬರ್‌ನ ಬುಡವೇ ಕತ್ತರಿಸಿ ಹೋಗುತ್ತದೆ. ಗಡಸು ಉಕ್ಕಿನಲ್ಲಿ ಬರ್ ಚಿಕ್ಕದು, ಬೇಗ ಬೀಳುತ್ತದೆ.

ಎಷ್ಟು ನುಣುಪು ಬೇಕು ಎನ್ನುವುದೂ ಉಕ್ಕಿನ ಮೇಲೆ ನಿಂತಿದೆ. ಸಣ್ಣ ಕಣದ ಉಕ್ಕನ್ನು 3000 ಗ್ರಿಟ್ಟಿನ ತನಕ ಒಯ್ದರೆ ಅದರ ಸೊಗಸು ಕಾಣುತ್ತದೆ, ಹಣ್ಣಿನ ಸಿಪ್ಪೆ ಕಾಗದದಂತೆ ಬರುತ್ತದೆ. ಡಿ2 ಮತ್ತು ಎಸ್90ವಿಯನ್ನು 600ರಿಂದ 1000ದ ಒಳಗೆ ನಿಲ್ಲಿಸಿ. ಸ್ವಲ್ಪ ಹಲ್ಲು ಉಳಿದ ಅಂಚು ಹಗ್ಗ, ರಟ್ಟು, ಟೊಮೆಟೊ ಸಿಪ್ಪೆಯನ್ನು ಕಚ್ಚಿ ಹಿಡಿಯುತ್ತದೆ. ಕೊನೆಗೆ ಹಳೆಯ ಚರ್ಮದ ಬೆಲ್ಟನ್ನು ಹಲಗೆಗೆ ಅಂಟಿಸಿ, ಅದರ ಮೇಲೆ ಅಂಚು ಹಿಂದಾಗಿ ಹತ್ತು ಸಲ ಎಳೆಯಿರಿ. ಸರಳ ಉಕ್ಕಿಗೆ ಹಸಿರು ಪಾಲಿಶ್ ಸಾಕು. ವೆನೇಡಿಯಂ ಜಾಸ್ತಿ ಇರುವ ಉಕ್ಕಿಗೆ ಒಂದು ಮೈಕ್ರಾನಿನ ವಜ್ರದ ಪೇಸ್ಟ್ ಬೇಕು.

ಹಂತ 9: ಪರೀಕ್ಷಿಸಿ, ನಿಮ್ಮ ಉಕ್ಕಿನ ಮಿತಿ ಹುಡುಕಿ

ದಿನಪತ್ರಿಕೆಯ ಹಾಳೆಯನ್ನು ಒಂದು ಕೈಯಲ್ಲಿ ತೂಗಿಬಿಟ್ಟು, ಹಿಡಿಯಿಂದ ತುದಿಯವರೆಗೆ ಒಂದೇ ಎಳೆತದಲ್ಲಿ ಸೀಳಿ. ಎಲ್ಲಿ ತಡೆಯುತ್ತದೋ ಅಲ್ಲಿ ಬರ್ ಉಳಿದಿದೆ ಅಥವಾ ಅಂಚು ಸೇರಿಲ್ಲ. ಆಮೇಲೆ ರಟ್ಟಿನ ಪಟ್ಟಿಗಳನ್ನು ಒಂದಷ್ಟು ಕತ್ತರಿಸಿ, ಮತ್ತೆ ಕಾಗದಕ್ಕೆ ಬನ್ನಿ. ರಟ್ಟಿನ ನಂತರವೂ ಕಾಗದ ನಯವಾಗಿ ಸೀಳಿದರೆ ಸಾಣೆ ಗಟ್ಟಿಯಾಗಿದೆ.

ಈಗ ಹಂತ 1ರ ಬಲ್ಬಿನ ಪರೀಕ್ಷೆ ಕೆಲಸಕ್ಕೆ ಬರುತ್ತದೆ. ಒಂದು ತಿಂಗಳು ಚಾಕು ಬಳಸಿ, ಅಂಚು ನೋಡಿ. ಬಾಗಿಲ್ಲ, ಚೂರು ಎದ್ದಿಲ್ಲ, ಬರೀ ಸಮನಾಗಿ ಸವೆದಿದೆ ಎಂದಾದರೆ ಉಕ್ಕಿನಲ್ಲಿ ಇನ್ನೂ ಕಸುವಿದೆ. ಮುಂದಿನ ಸಲ ಒಂದೊಂದು ಬದಿಗೆ ಎರಡು ಡಿಗ್ರಿ ಇಳಿಸಿ. ಅದರ ಮುಂದಿನ ಸಲ ಇನ್ನೂ ಎರಡು. ಎಲ್ಲಿ ಮಿಂಚುವ ಚುಕ್ಕೆಗಳು ಅಥವಾ ಬಾಗಿದ ಗೆರೆ ಕಾಣಿಸುತ್ತದೋ ಅದು ನಿಮ್ಮ ಕೈಗೆ, ನಿಮ್ಮ ಕೆಲಸಕ್ಕೆ ಆ ಉಕ್ಕಿನ ಮಿತಿ. ಅಲ್ಲಿಂದ ಎರಡು ಡಿಗ್ರಿ ವಾಪಸ್ ಬನ್ನಿ. ಇಡೀ ಇಳಿಜಾರನ್ನು ಮತ್ತೆ ಮಾಡುವುದು ಬೇಡ. ನುಣುಪು ಕಲ್ಲಿನಲ್ಲಿ ಹೊಸ ಕೋನಕ್ಕೆ ಬದಿಗೆ ನಾಲ್ಕೈದು ಎಳೆತ ಹಗುರಾಗಿ ಎಳೆದರೆ ಅಂಚಿನ ತುದಿಗೆ ಮಾತ್ರ ಸಣ್ಣ ಇಳಿಜಾರು ಬರುತ್ತದೆ. ಹಿಂದೆ ತೆಳು, ತುದಿಯಲ್ಲಿ ಗಟ್ಟಿ. ಆ ಕೋನವನ್ನು, ಉಕ್ಕಿನ ಹೆಸರನ್ನು, ಕಲ್ಲಿನ ಗ್ರಿಟ್ಟನ್ನು ಒಂದು ಚೀಟಿಯಲ್ಲಿ ಬರೆದು ಸಾಣೆಕಲ್ಲಿನ ಡಬ್ಬಿಯೊಳಗೆ ಹಾಕಿಡಿ.